ಶಾಲೆಯ ಮರಗಳಿಗೆ ಬೋರ್ಡ್ ಬರೆಯುತ್ತಿದ್ದೇವೆ: ಗಿಡಗಳ ಹೆಸರಿನಲ್ಲಿರುವ ಈ ಜನ ಯಾರು?

ಸಾಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ನಮ್ಮ ಇಕೋ ಕ್ಲಬ್ಬಿನ ಮಕ್ಕಳು ಕಾಂಪೌಂಡಿನೊಳಗಿನ ಮರಗಳಿಗೆಲ್ಲ ಹೆಸರಿನ ಬೋರ್ಡ್ ಹಾಕೋಕೆ ಹೊರಟಿದ್ದಾರೆ. ಹಳೇ ಎಣ್ಣೆ ಡಬ್ಬ ಕತ್ತರಿಸಿ, ಹಸಿರು ಪೇಂಟ್ ಬಳಿದು, ಮೇಲೆ ಕನ್ನಡ ಹೆಸರು, ಕೆಳಗೆ ವೈಜ್ಞಾನಿಕ ಹೆಸರು. ಇಷ್ಟೇ ಪ್ಲಾನ್ ಇದ್ದಿದ್ದು.

ಮುತ್ತುಗಕ್ಕೆ ಬ್ಯೂಟಿಯಾ ಮೋನೊಸ್ಪರ್ಮಾ ಅಂತ ಬರೆಯುವಾಗ, ಬ್ಯೂಟಿಯಾ ಅಂದ್ರೇನು ಮಿಸ್ ಅಂತ ಒಬ್ಬಳು ಕೇಳಿದಳು. ಹುಡುಕಿದರೆ ಅದು ಬ್ಯೂಟ್ ಅನ್ನೋ ದ್ವೀಪದ ಅರ್ಲ್ (ಅದೊಂದು ಶ್ರೀಮಂತ ಬಿರುದು), 1762-63ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದವನ ಹೆಸರು! ಆಮೇಲೆ ನೋಡ್ತಾ ಹೋದರೆ ಅರ್ಧಕ್ಕರ್ಧ ಮರಗಳು ಹೀಗೇ. ಮಂದಾರ, ಬೀಟೆ, ಹೊಳೆದಾಸವಾಳ, ಮುರುಗಲು, ದೇವಕಣಗಿಲೆ ಎಲ್ಲದರಲ್ಲೂ ಯಾರೋ ಒಬ್ಬ ಕೂತಿದ್ದಾನೆ. ಅದೇ ಹುಡುಗಿ, "ಮುತ್ತುಗದ ಎಲೇಲಿ ಊಟ ಮಾಡೋರು ನಾವು, ಹೆಸರು ಮಾತ್ರ ಅವರದ್ದಾ?" ಅಂದಳು. ನಾನು ಏನೋ ಹೇಳಿ ಬೆಲ್ ಹೊಡೆಯೋವರೆಗೆ ತಳ್ಳಿದೆ.

ಇಲ್ಲಿ ಗಿಡಗಳ ಬಗ್ಗೆ ಬಲ್ಲವರು ತುಂಬಾ ಜನ ಇದ್ದೀರಿ. ಯಾರ ಹೆಸರು ಬೇಕಾದರೂ ಇಡಬಹುದಾ? ತನ್ನದೇ ಹೆಸರು ಇಟ್ಟುಕೊಳ್ಳಬಹುದಾ? ನಮ್ಮ ಕಡೆಯವರು ಯಾರಾದರೂ ಇದ್ದಾರಾ? ಬೋರ್ಡಿನಲ್ಲಿ ಇದನ್ನೆಲ್ಲ ಒಂದು ಸಾಲಲ್ಲಿ ಬರೆಯೋದು ಒಳ್ಳೇದಾ, ಸುಮ್ಮನೆ ಬಿಡೋದಾ?

ತಾರಸಿ ತೋಟ:

ಮೇಡಂ, ಮೊದಲು ನಿಯಮದ ಕಡೆಯಿಂದ ಹೇಳ್ತೀನಿ. ಹೆಸರಿನ ಮೊದಲ ಪದ ಕುಲ, ಎರಡನೆಯದು ಪ್ರಭೇದ. ವ್ಯಕ್ತಿಯ ಹೆಸರು ಎರಡರಲ್ಲಿ ಎಲ್ಲಿ ಬೇಕಾದರೂ ಬರಬಹುದು. ಎರಡನೇ ಪದದ ಕೊನೆ ನೋಡಿದರೆ ಸಾಮಾನ್ಯವಾಗಿ ಗಂಡಸೋ ಹೆಂಗಸೋ ಗೊತ್ತಾಗುತ್ತೆ. ಗಂಡಸಾದರೆ 'ಇ' ಅಥವಾ 'ಇಐ', ಹೆಂಗಸಾದರೆ 'ಏ'. ನಿಮ್ಮ ಪಕ್ಕದ ಜಿಲ್ಲೆಯಲ್ಲಿ ಬೆಳೆಯುವ ಇಂಪೇಷಿಯೆನ್ಸ್ ಟಾಲ್ಬೋಟಿಐ ಅನ್ನೋ ಕಾಡು ಕರ್ಣಕುಂಡಲದಲ್ಲಿರೋದು ಟಾಲ್ಬಾಟ್. ಆತ ಉತ್ತರ ಕನ್ನಡದ ಕಾಡಿನಲ್ಲಿ ಕೆಲಸ ಮಾಡಿದ ಅರಣ್ಯಾಧಿಕಾರಿ.

ಹೆಂಗಸರ ಹೆಸರು ಎಷ್ಟು ಕಮ್ಮಿ ಅನ್ನೋದಕ್ಕೆ ಬೋಗನ್‌ವಿಲ್ಲಾ ಕಥೆ ಸಾಕು, ಅದು ನಮ್ಮ ತಾರಸಿಯಲ್ಲೂ ಇದೆ, ನಿಮ್ಮ ಗೇಟಿನ ಮೇಲೂ ಇದ್ದೇ ಇರುತ್ತೆ. ಫ್ರಾನ್ಸಿನ ಬೋಗನ್‌ವಿಲ್ 1766ರಲ್ಲಿ ಭೂಮಿ ಸುತ್ತೋಕೆ ಹಡಗು ಹತ್ತಿದ. ಜೊತೆಗಿದ್ದ ಸಸ್ಯತಜ್ಞ ಕೊಮ್ಮೆರ್ಸನ್ ಬ್ರೆಜಿಲ್‌ನಲ್ಲಿ ಸಿಕ್ಕ ಗಿಡಕ್ಕೆ ತನ್ನ ನಾಯಕನ ಹೆಸರಿಟ್ಟ. ಕೊಮ್ಮೆರ್ಸನ್‌ನ ಸಹಾಯಕನಾಗಿ ಗಂಡು ವೇಷದಲ್ಲಿ ಹಡಗಿನಲ್ಲಿದ್ದವಳು ಜೀನ್ ಬಾರೆ. ಹೆಂಗಸರಿಗೆ ಆ ಹಡಗಿಗೆ ಪ್ರವೇಶವೇ ಇರಲಿಲ್ಲ. ಭೂಮಿ ಸುತ್ತಿದ ಮೊದಲ ಹೆಂಗಸು ಅವಳು. ಕೊಮ್ಮೆರ್ಸನ್ ಅವಳಿಗೂ ಒಂದು ಕುಲದ ಹೆಸರು ಬರೆದಿಟ್ಟಿದ್ದ, ಅದು ಊರ್ಜಿತವಾಗಲಿಲ್ಲ. ಕಡೆಗೆ 2012ರಲ್ಲಿ, ದಕ್ಷಿಣ ಅಮೆರಿಕದ ಒಂದು ಬದನೆ ಜಾತಿಯ ಗಿಡಕ್ಕೆ ಸೊಲಾನಮ್ ಬಾರೆಟಿಏ ಅಂತ ಇಟ್ಟರು. ಇನ್ನೂರ ನಲವತ್ತು ವರ್ಷ ಚಿಲ್ಲರೆ!

ಉಳಿದದ್ದು ಹಳೇ ರೇಂಜರ್ ಹೇಳಲಿ, ಅವರಿಗೆ ಬಾಯಿ ತುರಿಸ್ತಾ ಇರುತ್ತೆ :)

ಹಳೇ ರೇಂಜರ್, ಶಿರಸಿ:

ತುರಿಸ್ತಾ ಇತ್ತು ಹೌದು. ಟೀಚರ್, ಆ ಹುಡುಗಿ ಕೇಳಿದ್ದು ಸರಿಯಾಗೇ ಇದೆ.

ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿ ರೇಂಜರ್ ಆಗಿ ನಿವೃತ್ತನಾದವ ನಾನು. ಮರ ಎಣಿಸುವ ಕೆಲಸದಲ್ಲಿ ಬಾಯಲ್ಲಿ ಊರ ಹೆಸರು, ರಿಜಿಸ್ಟರಿನಲ್ಲಿ ಲ್ಯಾಟಿನ್ ಹೆಸರು. ನಮ್ಮ ವಾಚರ್ ಒಬ್ಬರಿದ್ದರು. ಎಲೆ ಉದುರಿದ ಕಾಲದಲ್ಲಿ ಕತ್ತಿಯಿಂದ ತೊಗಟೆಗೆ ಸಣ್ಣ ಕಚ್ಚು ಹಾಕಿ, ಮೂಸಿ, ಒಸರಿದ ಹಾಲನ್ನೋ ಅಂಟನ್ನೋ ಬೆರಳಲ್ಲಿ ತಿಕ್ಕಿ ನೋಡಿ ಮರದ ಹೆಸರು ಹೇಳೋರು. ಅವರು ಹೇಳಿದ್ದನ್ನ ನಾನು ಲ್ಯಾಟಿನ್ ಮಾಡಿ ಬರ್ಕೊಳ್ತಿದ್ದೆ. ಸಹಿ ನನ್ನದು. ಸಸ್ಯಶಾಸ್ತ್ರದ ದೊಡ್ಡ ಪುಸ್ತಕಗಳಲ್ಲೂ ಆಗಿದ್ದು ಹೆಚ್ಚುಕಮ್ಮಿ ಇದೇ.

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಈ ಹೆಸರುಗಳನ್ನ ಗಿಡದ ಪರಿಚಯ ಅಂತ ಓದಬೇಡಿ, ಕಿರಾಣಿ ಅಂಗಡಿಯ ಖಾತೆ ಪುಸ್ತಕ ಅಂತ ಓದಿ. ಯಾರು ಯಾರಿಗೆ ಬೀಜ ಕಳಿಸಿದರು, ಯಾರು ಶಿಫಾರಸು ಮಾಡಿದರು, ಯಾರ ಋಣ ಯಾರ ಮೇಲಿತ್ತು, ಎಲ್ಲ ಅದರಲ್ಲಿದೆ. ಹಾಗೆ ಓದಿದರೆ ಸಿಟ್ಟೂ ಬರೋದಿಲ್ಲ, ಮಜಾನೂ ಸಿಗುತ್ತೆ.

ಈ ಪದ್ಧತಿಯನ್ನ ಜೋರಾಗಿ ಶುರು ಮಾಡಿದ್ದು ಪ್ಲೂಮಿಯೆ ಅನ್ನೋ ಫ್ರಾನ್ಸಿನ ಸನ್ಯಾಸಿ. ಕೆರಿಬಿಯನ್ ದ್ವೀಪಗಳಲ್ಲಿ ಗಿಡ ಹುಡುಕಿಕೊಂಡು ತಿರುಗಿದವ. ಬಿಗೋನಿಯಾ, ಮ್ಯಾಗ್ನೋಲಿಯಾ, ಲೊಬೇಲಿಯಾ, ಫ್ಯೂಷಿಯಾ ಎಲ್ಲ ಅವನಿಟ್ಟ ಹೆಸರು. ಬಿಗೋನಿಯಾದ ಬೆಗೊನ್ ಯಾರು ಅಂತೀರಿ? ಇವನನ್ನ ಆ ದ್ವೀಪಗಳಿಗೆ ಕಳಿಸಲು ರಾಜನ ಹತ್ತಿರ ಮಾತಾಡಿದ ಅಧಿಕಾರಿ. ನೋಡಿ, ಖಾತೆಯ ಮೊದಲ ಪುಟದಲ್ಲೇ ಶಿಫಾರಸು. ಪ್ಲೂಮಿಯೆಯ ಹೆಸರು ನಿಮ್ಮ ದೇವಕಣಗಿಲೆಗೆ ಸಿಕ್ಕಿತು, ಪ್ಲೂಮೇರಿಯಾ. ದೇವಸ್ಥಾನದ ಅಂಗಳದಲ್ಲೆಲ್ಲ ಇರುವ ಆ ಗಿಡ ನಮ್ಮದಲ್ಲವೇ ಅಲ್ಲ, ಅಮೆರಿಕದ ಕಡೆಯಿಂದ ಬಂದದ್ದು. ಹಾಗಾಗಿ ಅಲ್ಲಿ ತಿರುಗಿದವನ ಹೆಸರು ಅದಕ್ಕಿರೋದಕ್ಕೆ ನನ್ನ ತಕರಾರಿಲ್ಲ.

ಆಮೇಲೆ ಬಂದ ಸ್ವೀಡನ್ನಿನ ಸಸ್ಯಶಾಸ್ತ್ರಿ ಲಿನ್ನೇಯಸ್, ಗಿಡಗಳಿಗೆ ಈ ಎರಡು ಪದದ ಹೆಸರಿನ ಕ್ರಮ ತಂದವ. ಅವನಿಗೆ ಬುದ್ಧಿಯೂ ಇತ್ತು, ಕುಚೋದ್ಯವೂ ಇತ್ತು. ಮಂದಾರದ ಎಲೆ ನೋಡಿ. ಒಂದೇ ತೊಟ್ಟು, ಎರಡು ಸೀಳು. ನಾವು ಅದರಲ್ಲಿ ಎತ್ತಿನ ಗೊರಸು ಕಂಡು ಬಸವನಪಾದ ಅಂದೆವು. ಅವನು ಬೌಹಿನ್ ಅನ್ನೋ ಅಣ್ಣ-ತಮ್ಮ ಇಬ್ಬರು ಸಸ್ಯಶಾಸ್ತ್ರಿಗಳಿಗೆ ಆ ಜೋಡಿ ಎಲೆ ತಕ್ಕದ್ದು ಅಂದ, ಹಾಗಾಗಿ ಬೌಹಿನಿಯಾ.

ಇದಕ್ಕಿಂತ ಚಂದದ್ದು ನಿಮ್ಮ ಮಕ್ಕಳಿಗೆ ತೋಟದಲ್ಲೇ ತೋರಿಸಬಹುದು. ಬೆರಕೆ ಸೊಪ್ಪಿಗೆ ಹಾಕುವ ಕನ್ನೆಸೊಪ್ಪು ಇದೆಯಲ್ಲ, ಕೊಮೆಲಿನಾ. ಮಳೆಗಾಲದಲ್ಲಿ ಬೆಳಿಗ್ಗೆ ಬೇಗ ಹೋಗಿ ಒಂದು ಹೂ ಬಿಡಿಸಿ ನೋಡೋಕೆ ಹೇಳಿ, ಬಿಸಿಲೇರಿದರೆ ಮುದುಡಿಬಿಡುತ್ತೆ. ಎರಡು ಎಸಳು ದೊಡ್ಡವು, ನೀಲಿ. ಮೂರನೆಯದು ಕೆಳಗೆ, ಸಣ್ಣದು, ಬಣ್ಣಗೆಟ್ಟದ್ದು, ಹುಡುಕಿದರೆ ಮಾತ್ರ ಕಾಣೋದು. ಹಾಲೆಂಡಿನ ಕೊಮೆಲಿನ್ ಮನೆತನದಲ್ಲಿ ಇಬ್ಬರು ಹೆಸರು ಮಾಡಿದ ಸಸ್ಯಶಾಸ್ತ್ರಿಗಳು. ಮೂರನೆಯವನೊಬ್ಬ ಏನೂ ಸಾಧಿಸೋಕೆ ಮೊದಲೇ ತೀರಿಕೊಂಡ. ಎರಡು ನೀಲಿ ಎಸಳು ಆ ಇಬ್ಬರಿಗೆ, ಬಡಕಲು ಎಸಳು ಆ ಮೂರನೆಯವನಿಗೆ ಅಂತ ಲಿನ್ನೇಯಸ್ ಬರೆದಿಟ್ಟ! ಸತ್ತವನ ಮನೆಯವರು ಓದಿದ್ದರೆ ಏನು ಅಂದುಕೊಳ್ತಿದ್ದರೋ.

ಅವನನ್ನ ಎದುರು ಹಾಕಿಕೊಂಡವರ ಹೆಸರೂ ಉಳಿದಿದೆ. ಹೂವಿನ ಗಂಡು-ಹೆಣ್ಣು ಭಾಗ ಎಣಿಸಿ ಗಿಡ ವಿಂಗಡಿಸುವ ಅವನ ಕ್ರಮ ಅಸಹ್ಯ ಅಂತ ಸೇಂಟ್ ಪೀಟರ್ಸ್‌ಬರ್ಗಿನ ಸೀಗೆಸ್‌ಬೆಕ್ ಹಾರಾಡಿದ. ಸೀಗೆಸ್‌ಬೆಕಿಯಾ ಅಂತ ಇರೋದು ಯಾವುದಕ್ಕೆ ಅಂದರೆ, ಮೈಯೆಲ್ಲ ಅಂಟಂಟಾದ, ಹಳದಿ ಹೂವಿನ ಒಂದು ಕಳೆಗೆ. ನಮ್ಮ ಘಟ್ಟದಲ್ಲೂ ಬೆಳೆಯುತ್ತೆ, ಹಾದು ಹೋದರೆ ಪ್ಯಾಂಟಿಗೆ ಹತ್ತಿಕೊಳ್ಳುತ್ತೆ.

ನಿಮ್ಮ ಪಟ್ಟಿಯಲ್ಲಿರೋದನ್ನ ಬೇಗ ಮುಗಿಸ್ತೇನೆ. ಬೀಟೆಯ ಡಾಲ್ಬರ್ಗಿಯಾ, ಸ್ವೀಡನ್ನಿನ ವೈದ್ಯ ಡಾಲ್ಬರ್ಗ್. ಹೊಳೆದಾಸವಾಳದ ಲಾಗರ್‌ಸ್ಟ್ರೋಮಿಯಾ, ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯವ, ಪೂರ್ವದೇಶದ ಮಾದರಿಗಳನ್ನ ಲಿನ್ನೇಯಸ್‌ಗೆ ಒದಗಿಸಿದ ಗೆಳೆಯ. ಮುರುಗಲು, ಉಪ್ಪಾಗೆ ಎರಡಕ್ಕೂ ಇರುವ ಗಾರ್ಸಿನಿಯಾ, ಡಚ್ ಕಂಪನಿಯಲ್ಲಿ ವೈದ್ಯನಾಗಿ ಈ ಕಡೆ ಓಡಾಡಿದ ಲೊರಾಂ ಗಾರ್ಸಾಂ. ಮಕ್ಕಳು ಹತ್ತಿ ಹಣ್ಣು ತಿನ್ನುವ ಗಸಗಸೆ ಮರ ಇದ್ದರೆ ಅದು ಮುಂಟಿಂಜಿಯಾ, ಹಾಲೆಂಡಿನ ಮುಂಟಿಂಗ್. ಎಲ್ಲ ಬಿಳಿಯರೇ ಅಂದುಕೊಳ್ಳಬೇಡಿ. ನಾಗಸಂಪಿಗೆಯ ಮೆಸುವಾ, 9ನೇ ಶತಮಾನದ ಬಾಗ್ದಾದಿನ ವೈದ್ಯ ಇಬ್ನ್ ಮಾಸವೈಹ್. ಕುಮಟಾ, ಹೊನ್ನಾವರದ ಅಳಿವೆಗಳಲ್ಲಿ ನಿಂತಿರುವ ಕಾಂಡ್ಲಾ ಜಾತಿಯ ಅವಿಸೆನ್ನಿಯಾ, ಪರ್ಷಿಯಾದ ವೈದ್ಯ ಇಬ್ನ್ ಸೀನಾ.

ಸಂಪಿಗೆಯದ್ದು ಬೇರೆಯೇ ಗಲಾಟೆ. ನಾನು ಕಲಿತಾಗ ಅದು ಮೈಕೆಲಿಯಾ ಚಂಪಕ, ಇಟಲಿಯ ಫ್ಲಾರೆನ್ಸಿನ ಮಿಕೆಲಿಯ ಹೆಸರು. ಆಮೇಲೆ ಆ ಕುಲವನ್ನೇ ಮ್ಯಾಗ್ನೋಲಿಯಾಕ್ಕೆ ಸೇರಿಸಿದರು. ಈಗ ಮ್ಯಾಗ್ನೋಲಿಯಾ ಚಂಪಕ, ಫ್ರಾನ್ಸಿನ ಮ್ಯಾಗ್ನೋಲ್ ಪಾಲಿಗೆ. ಮಿಕೆಲಿ ಪಾಪ ಅಣಬೆಯ ಬೀಜಕಣಗಳಿಂದ ಅಣಬೆ ಬೆಳೆಸಿ ತೋರಿಸಿದ ಮಹಾ ಮನುಷ್ಯ, ಅವನ ಸಂಪಿಗೆ ಕೈತಪ್ಪಿತು. 'ಚಂಪಕ' ಮಾತ್ರ ಎರಡರಲ್ಲೂ ಅಲ್ಲಾಡದೆ ಕೂತಿದೆ ಅನ್ನೋದನ್ನ ಆ ಹುಡುಗಿಗೆ ಹೇಳಿ.

ಈಗ ನನಗೆ ಇಷ್ಟವಾದ ಮರಕ್ಕೆ ಬರ್ತೇನೆ. ನಿಮ್ಮ ಶಾಲೆ ಸುತ್ತ ಬೇಣ (ಹುಲ್ಲುಗಾವಲು) ಇದ್ದರೆ ಕೌಲು ಮರ ಇರಲೇಬೇಕು. ತೊಗಟೆ ದಪ್ಪ, ಬೆಂಕಿ ಬಿದ್ದ ಬೇಣದಲ್ಲೂ ಮತ್ತೆ ಚಿಗುರುವ ಗಟ್ಟಿ ಜೀವ. ಎಲೆ ಕೆಂಪಾಗಿ ಉದುರಿ ಕೊಂಬೆ ಬೋಳಾದಾಗ ತುದಿಯಲ್ಲಿ ಹೂ ಬಿಡುತ್ತೆ. ಅರಳೋದು ರಾತ್ರಿ. ಬೆಳಗಾಗುವಾಗ ಕೇಸರಗಳ ಕಟ್ಟು ಪೂರ್ತಿ ಕಳಚಿ ನೆಲಕ್ಕೆ ಬಿದ್ದಿರುತ್ತೆ. ಒಂದನ್ನ ಎತ್ತಿಕೊಂಡು ನೋಡಿ, ನೂರಾರು ಎಳೆ, ಬುಡದಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿವೆ, ಹಾಗಾಗಿ ಬಿಡಿಬಿಡಿಯಾಗಿ ಉದುರೋದಿಲ್ಲ. ಆಮೇಲೆ ಹಸಿರು ಗುಂಡನೆಯ ಕಾಯಿ, ತಲೆ ಮೇಲೆ ಹೂವಿನ ಹಳೇ ಪುಷ್ಪಪಾತ್ರೆ ಹಾಗೇ ಉಳಿದಿರುತ್ತೆ.

ಇದು ಕೇರಿಯಾ ಅರ್ಬೋರಿಯಾ. ವಿಲಿಯಂ ಕೇರಿ ಇಂಗ್ಲೆಂಡಿನಲ್ಲಿ ಜೋಡು ಹೊಲಿಯುತ್ತಿದ್ದವ, 1793ರಲ್ಲಿ ಬಂಗಾಳಕ್ಕೆ ಪಾದ್ರಿಯಾಗಿ ಬಂದ. ಶ್ರೀರಾಮಪುರದಲ್ಲಿ ಅಚ್ಚುಕೂಟ ನಡೆಸಿದ, ದೊಡ್ಡ ಗಿಡದ ತೋಟ ಮಾಡಿದ. ಕಲ್ಕತ್ತಾ ಸಸ್ಯತೋಟದ ರಾಕ್ಸ್‌ಬರ್ಗ್ ಅವನ ಗೆಳೆಯ. ರಾಕ್ಸ್‌ಬರ್ಗ್ ಈ ಮರಕ್ಕೆ ಗೆಳೆಯನ ಹೆಸರಿಟ್ಟ. 1815ರಲ್ಲಿ ರಾಕ್ಸ್‌ಬರ್ಗ್ ತೀರಿಕೊಂಡಾಗ ಅವನು ಬರೆದಿಟ್ಟ ಭಾರತದ ಗಿಡಮರಗಳ ಗ್ರಂಥ ಅಚ್ಚಾಗದೆ ಬಿದ್ದಿತ್ತು. ಅದನ್ನ 1820 ಮತ್ತು 1824ರಲ್ಲಿ ಎರಡು ಸಂಪುಟವಾಗಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ್ದು ಇದೇ ಕೇರಿ. ಖಾತೆ ಚುಕ್ತಾ.

ಇಲ್ಲಿ ನಮಗೂ ಒಂದು ಸಂಬಂಧ ಇದೆ. 1817ರಲ್ಲಿ ಅದೇ ಅಚ್ಚುಕೂಟದಿಂದ ಕೇರಿ ಬರೆದ ಕನ್ನಡ ವ್ಯಾಕರಣ ಹೊರಬಂತು, ಇಂಗ್ಲಿಷಿನಲ್ಲಿ, ಕನ್ನಡ ಕಲಿಯುವ ಕಂಪನಿ ಅಧಿಕಾರಿಗಳಿಗಾಗಿ. ಕೌಲು ಮರದಡಿ ನಿಂತು ಮಕ್ಕಳಿಗೆ ಹೇಳೋಕೆ ಇದಕ್ಕಿಂತ ಏನು ಬೇಕು ಮಾರಾಯ್ರೇ.

ಇನ್ನೊಬ್ಬ ಬುಕನನ್. 1799ರಲ್ಲಿ ಟಿಪ್ಪು ಬಿದ್ದ ಮರುವರ್ಷವೇ ಕಂಪನಿ ಸರ್ಕಾರ ಇವನನ್ನ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರಲು ಕಳಿಸಿತು. ಗದ್ದೆ, ತೋಟ, ಮಗ್ಗ, ಕಬ್ಬಿಣದ ಕುಲುಮೆ, ಕೂಲಿ ಎಷ್ಟು, ಅಡಿಕೆ ಹೇಗೆ ಬೇಯಿಸ್ತಾರೆ ಎಲ್ಲ ಕೇಳಿ ಬರೆದುಕೊಂಡ. ವೃತ್ತಿಯಲ್ಲಿ ವೈದ್ಯ, ಆಸಕ್ತಿ ಗಿಡದ್ದು. ಪಾಯಸಕ್ಕೆ ಹಾಕುವ ಚಾರೋಳಿ ಇದೆಯಲ್ಲ, ಆ ಮರ ಬುಕನಾನಿಯಾ. ಅವನಿಗೆ ದಾರಿ ತೋರಿಸಿದವರ, ಅಡಿಕೆ ಲೆಕ್ಕ ಹೇಳಿದ ತೋಟಿಗರ ಹೆಸರಲ್ಲಿ ಒಂದು ಹುಲ್ಲೂ ಇಲ್ಲ.

ಹುಲ್ಲು ಅಂದ ಮೇಲೆ ನಿಮ್ಮ ತಾಲ್ಲೂಕಿನದೇ ಒಂದು ಹುಲ್ಲಿನ ವಿಷಯ. 1919ರಲ್ಲಿ ಸೆಡ್ಜ್‌ವಿಕ್, ಬೆಲ್ ಅನ್ನೋ ಇಬ್ಬರು ಅಧಿಕಾರಿಗಳು ಜೋಗದ ತುಂತುರಲ್ಲಿ ಬೆಳೆದ ಒಂದು ನವಿರಾದ ಹುಲ್ಲು ಕಿತ್ತು ಒಣಗಿಸಿ ಇಟ್ಟರು. 1951ರಲ್ಲಿ ಬೋರ್ ಅನ್ನೋ ತಜ್ಞ ಅದು ಹೊಸ ಕುಲ ಅಂತ ಗುರುತಿಸಿ ಹಬ್ಬಾರ್ಡಿಯಾ ಅಂತ ಹೆಸರಿಟ್ಟ. ಹಬ್ಬರ್ಡ್ ಲಂಡನ್ನಿನ ಕ್ಯೂ ಸಸ್ಯತೋಟದ ಹುಲ್ಲಿನ ಪಂಡಿತ. ಜಾರುವ ಬಂಡೆ ಹತ್ತಿ ಕಿತ್ತವರಿಗೆ ಸಿಗಲಿಲ್ಲ, ನೋಡಿ. ಜೋಗದಲ್ಲಿ ಅದು ಮತ್ತೆ ಕಾಣಲಿಲ್ಲ, ನಿರ್ನಾಮವಾಯಿತು ಅಂತಲೇ ಲೆಕ್ಕ ಹಾಕಿದ್ದರು. ಈ ಶತಮಾನದ ಶುರುವಿನಲ್ಲಿ ಕೊಲ್ಹಾಪುರದ ವಿಶ್ವವಿದ್ಯಾಲಯದವರಿಗೆ ತಿಲಾರಿ ಘಾಟಿನಲ್ಲಿ ಸಿಕ್ಕಿತು.

ಹೆಸರು ಇಡೋದು ಹೇಗೆ ಅಂತ ಕೇಳಿದ್ದಿರಿ. ಹೊಸ ಗಿಡದ ವಿವರಣೆ ಪ್ರಕಟಿಸಬೇಕು, ಒಂದು ಮಾದರಿಯನ್ನ ಒಣಗಿಸಿ ಸಸ್ಯಸಂಗ್ರಹಾಲಯದಲ್ಲಿ ಇಡಬೇಕು. ಆಮೇಲೆ ಯಾರ ಹೆಸರಾದರೂ ಇಡಬಹುದು, ಅಜ್ಜಿಯದ್ದೂ ಇಡಬಹುದು. ತನ್ನ ಹೆಸರು ತಾನೇ ಇಟ್ಟುಕೊಳ್ಳಬಾರದು ಅನ್ನೋ ಕಾನೂನಿಲ್ಲ, ಆದರೆ ಇಟ್ಟುಕೊಂಡರೆ ನಾಲ್ಕು ಜನ ನಗ್ತಾರೆ. ಲಿನ್ನೇಯಸ್ ಅದಕ್ಕೂ ದಾರಿ ಕಂಡುಕೊಂಡ. ತನಗಿಷ್ಟವಾದ ಗಿಡಕ್ಕೆ ಗೆಳೆಯ ಗ್ರೊನೋವಿಯಸ್ ಕೈಲಿ ಲಿನ್ನೇಯಾ ಅಂತ ಇಡಿಸಿದ!

ಕಾಫಿ ಗಿಡ, ಮೂಡಿಗೆರೆ:

ರೇಂಜರ್ ಸಾಹೇಬ್ರೇ, ಓದಿ ಖುಷಿಯಾಯ್ತು, ಆದ್ರೆ ನಂಗೆ ಸಿಟ್ಟು ಬರುತ್ತೆ ಅಂತ ಹೇಳ್ಲೇಬೇಕು. ನಮ್ಮ ತೋಟದ ತುಂಬ ಸಿಲ್ವರ್ ಓಕ್. ಗ್ರೆವಿಲಿಯಾ ಅಂತೆ, ಗ್ರೆವಿಲ್ ಅನ್ನೋ ಇಂಗ್ಲಿಷ್ ಶ್ರೀಮಂತನ ಹೆಸರು, ಲಂಡನ್ನಿನ ತೋಟಗಾರಿಕೆ ಸೊಸೈಟಿ ಶುರು ಮಾಡಿದವರಲ್ಲಿ ಒಬ್ಬ. ಆಸ್ಟ್ರೇಲಿಯಾದ ಮರ, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸೋರು ನಾವು. ಅದು ಹೋಗ್ಲಿ, ಹೊರಗಿನ ಮರ. ನಮ್ಮ ಮುತ್ತುಗಕ್ಕೆ ಅವರ ಪ್ರಧಾನಿ ಯಾಕೆ? ಎಲ್ಲ ಕಿತ್ತು ಹಾಕಿ ನಮ್ಮ ಹೆಸರು ಇಡ್ಬೇಕು. ಬೋರ್ಡಲ್ಲಿ ಕನ್ನಡ ಒಂದೇ ಸಾಕು.

ಹಳೇ ರೇಂಜರ್, ಶಿರಸಿ:

ಕಾಫಿಯವರೇ, ಕನ್ನಡ ದೊಡ್ಡಕ್ಷರದಲ್ಲಿ ಮೇಲೇ ಇರಲಿ, ಅದಕ್ಕೆ ಯಾರದ್ದೂ ಅಡ್ಡಿಯಿಲ್ಲ. ಒಂದೇ ಸಾಕು ಅನ್ನೋದನ್ನ ಒಪ್ಪೋದಿಲ್ಲ. ಶಿರಸಿಯಲ್ಲಿ ಮುರುಗಲು ಕೇಳಿದರೆ ಕೊಡ್ತಾರೆ, ಮಂಗಳೂರಿಗೆ ಹೋಗಿ ಪುನರ್ಪುಳಿ ಅನ್ನಬೇಕು. ಪ್ಯಾಕೆಟ್ ಮೇಲೆ ಕೋಕಂ. ಮೂರೂ ಒಂದೇ ಮರ ಅಂತ ಪಂಚಾಯ್ತಿ ಮಾಡೋದು ಆ ಗಾರ್ಸಿನಿಯಾ ಇಂಡಿಕಾ.

ಕಿತ್ತು ಹಾಕುವ ವಿಚಾರ ನಿಮಗೊಬ್ಬರಿಗೇ ಬಂದದ್ದಲ್ಲ. 2024ರ ಜುಲೈಯಲ್ಲಿ ಮ್ಯಾಡ್ರಿಡ್‌ನಲ್ಲಿ ಸಸ್ಯಶಾಸ್ತ್ರಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮತಕ್ಕೇ ಹಾಕಿದರು. ಆಫ್ರಿಕಾದ ಕರಿಯರನ್ನ ಹೀಯಾಳಿಸುವ 'ಕಾಫ್ರಾ' ಅನ್ನೋ ಪದ ಸುಮಾರು 200 ಹೆಸರುಗಳಲ್ಲಿತ್ತು. ಅದನ್ನ 'ಆಫ್ರಾ' ಅಂತ ಬದಲಿಸೋದು ತೀರ್ಮಾನವಾಯ್ತು. ನಿಮ್ಮ ತೋಟದ ನೆರಳಿನ ಹಾಲುವಾಣದ ದಾಯಾದಿ ಎರಿಥ್ರೈನಾ ಕಾಫ್ರಾ ಈಗ ಎರಿಥ್ರೈನಾ ಆಫ್ರಾ. ಆದರೆ ಗುಲಾಮರ ದುಡಿಮೆಯಿಂದ ಶ್ರೀಮಂತನಾದ ಹಿಬ್ಬರ್ಟ್‌ನ ಹೆಸರಿನ ಹಿಬ್ಬರ್ಟಿಯಾ ಹಾಗೇ ಇದೆ. ನನ್ನ ಕೇಳಿದರೆ ಬೈಗುಳವನ್ನ ತೆಗೆದದ್ದು ಸರಿ. ಋಣದ ಲೆಕ್ಕವನ್ನ ಅಳಿಸಿದರೆ ಯಾರು ಯಾರಿಗೆ ಕೊಟ್ಟರು ಅನ್ನೋದೂ ಅಳಿಸಿ ಹೋಗುತ್ತೆ. ಹಿಬ್ಬರ್ಟ್ ಏನು ಮಾಡಿದ ಅನ್ನೋದನ್ನ ಜನ ಈಗ ಮಾತಾಡ್ತಾ ಇರೋದೇ ಆ ಹೆಸರು ಅಲ್ಲಿ ಉಳಿದದ್ದಕ್ಕೆ.

ನಮ್ಮವರೂ ಖಾತೆ ಬರೆದಿದ್ದಾರೆ, ಟೀಚರ್ ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತು. ನಮ್ಮ ಬಿ.ಜಿ.ಎಲ್. ಸ್ವಾಮಿ ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಅನ್ನೋರ ಜೊತೆ ಕೆಲಸ ಮಾಡಿದವರು. ಆಮೇಲೆ ಒಂದು ಗಿಡಕ್ಕೆ ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಐ ಅಂತ ಇಟ್ಟರು, ಇನ್ನೊಂದಕ್ಕೆ ಭಾರತದ ಸಸ್ಯಶಾಸ್ತ್ರಿ ಪಂಚಾನನ ಮಾಹೇಶ್ವರಿಯವರ ಹೆಸರು, ಅಸ್ಕರೈನಾ ಮಾಹೇಶ್ವರಿಐ. ಅಂದರೆ ಕನ್ನಡಿಗ ಇಟ್ಟ ಹೆಸರಿನಲ್ಲಿ ಅಮೆರಿಕದವರೊಬ್ಬರು ಕೂತರು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸಲ್ಡಾನ್ಹಾ, ಹಾಸನ ಜಿಲ್ಲೆಯ ಗಿಡಗಳನ್ನೆಲ್ಲ ದಾಖಲಿಸಿದವರು, ಘಟ್ಟದ ಮರಗಳ ಮೇಲೆ ಬೆಳೆಯುವ ಒಂದು ಪುಟ್ಟ ಆರ್ಕಿಡ್ ಕುಲಕ್ಕೆ 1974ರಲ್ಲಿ ಸ್ಮಿತ್ಸೋನಿಯಾ ಅಂತ ಇಟ್ಟರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಅವರ ಕೆಲಸಕ್ಕೆ ಬೆನ್ನಿಗೆ ನಿಂತಿತ್ತು.

ಸಾಗರದ ಟೀಚರ್:

ಸರ್, ಇವತ್ತು ಅರ್ಧ ಪೀರಿಯಡ್ ಕನ್ನೆಸೊಪ್ಪು ಹುಡುಕೋದ್ರಲ್ಲೇ ಹೋಯ್ತು. ಮೂರನೇ ಎಸಳು ಸಿಕ್ಕಿತು. "ಪಾಪ, ಅವನು ಇನ್ನೂ ಬದುಕಿದ್ರೆ ಏನಾದ್ರೂ ಮಾಡ್ತಿದ್ನೇನೋ" ಅಂತ ಅದೇ ಹುಡುಗಿ! ಕೌಲು ಮರ ಆಟದ ಮೈದಾನದ ಆಚೆ ಎರಡಿವೆ. ಬೋರ್ಡಿನ ಅಳತೆ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ಅಷ್ಟರಲ್ಲಿ ಏನು ಬರೆಸಲಿ?

ಹಳೇ ರೇಂಜರ್, ಶಿರಸಿ:

ಕೌಲು. ಕೆಳಗೆ ಸಣ್ಣಕ್ಕೆ ಕೇರಿಯಾ ಅರ್ಬೋರಿಯಾ. ಅದರ ಕೆಳಗೆ ಒಂದೇ ಸಾಲು: "1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿಯ ಹೆಸರು." ಮುತ್ತುಗಕ್ಕೆ ಪ್ರಧಾನಿಯ ಸುದ್ದಿ ಬೇಡ, ಊಟದೆಲೆಯ ಸುದ್ದಿ ಬರೆಸಿ. ಮಂದಾರಕ್ಕೆ ಅಣ್ಣ-ತಮ್ಮ, ಗೊರಸು ಎರಡೂ ಬರಲಿ. ಎಲ್ಲ ಬೋರ್ಡಿಗೂ ಒಂದೇ ಮಾದರಿ ಆಗಬೇಕಿಲ್ಲ.

ಮೊಳೆ ಹೊಡೆಯಬೇಡಿ. ತೊಗಟೆಗೆ ಗಾಯವಾಗಿ ಹುಳು ಹಿಡಿಯುತ್ತೆ, ಮರ ದಪ್ಪವಾದಂತೆ ಬೋರ್ಡನ್ನೇ ನುಂಗುತ್ತೆ. ಸೈಕಲ್ ಟ್ಯೂಬ್ ಪಟ್ಟಿ ಕತ್ತರಿಸಿ ಸಡಿಲವಾಗಿ ಕಟ್ಟಿಸಿ, ವರ್ಷಕ್ಕೊಮ್ಮೆ ಬಿಚ್ಚಿ ಇನ್ನಷ್ಟು ಸಡಿಲ ಮಾಡಿಸಿ. ಕೌಲಿನ ಹೂ ಬಿಟ್ಟಾಗ ಫೋಟೋ ಹಾಕಿ, ಬೆಳಿಗ್ಗೆ ಏಳರೊಳಗೆ ಹೋಗಬೇಕು, ಮರದ ಮೇಲೆ ಹುಡುಕಬೇಡಿ, ನೆಲ ನೋಡಿ.